ಸದ್ದಿಲ್ಲದ ಪೆಟ್ಟಿಗೆ

ಜಾತಕಗಳ ಕಟ್ಟು ಹಿಡಿದು ಗಂಡು ಹುಡುಕುತ್ತ ಅಲೆಯುವವರ ಕಷ್ಟವನ್ನು ನಾನು ಚೆನ್ನಾಗಿ ಬಲ್ಲೆ. ಇಬ್ಬರು ತಂಗಿಯರ ಮದುವೆಗಾಗಿ ಓಡಾಡಿದವನು ನಾನು. ಗೋತ್ರ, ನಕ್ಷತ್ರ, ಸಂಬಳ ಎಲ್ಲವೂ ಕೂಡಿಬರುತ್ತಿದ್ದವು. ಗಂಡಿನ ಸ್ವಭಾವವೆಂಬುದು ಮಾತ್ರ ಮದುವೆಯಾಗಿ ಮೂರು ತಿಂಗಳು ಕಳೆದ ಮೇಲೆ ತಿಳಿಯುವ ವಿಷಯವಾಗಿತ್ತು. ಇಷ್ಟೆಲ್ಲ ಅನುಭವವಿದ್ದೂ, ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಟೆಲಿವಿಷನ್ನಿಗೆ ಜೋಡಿಸಲೆಂದು ಒಂದು ಕಂಪ್ಯೂಟರನ್ನು ತರಹೊರಟಾಗ ನಾನು ಅದೇ ತಪ್ಪನ್ನು ಮಾಡಿದೆ. ಅಂಗಡಿಯವನು ಬರೆದುಕೊಟ್ಟ ಚೀಟಿಯಲ್ಲಿ ಎಲ್ಲವೂ ಇತ್ತು: ಎಷ್ಟು ವೇಗ, ಎಷ್ಟು ಜ್ಞಾಪಕಶಕ್ತಿ, ಎಷ್ಟು ಬಣ್ಣದ ದೀಪಗಳು. ಅದರ ಬಾಯಿ ಎಷ್ಟು ದೊಡ್ಡದು ಎಂಬುದೊಂದು ಇರಲಿಲ್ಲ.

ಕಂಪ್ಯೂಟರು ಬೇಕಾಗಿದ್ದುದು ನನಗಲ್ಲ, ನನ್ನ ತಾಯಿಗೆ. ಅವಳಿಗೆ ಈಗ ೮೪ ವರ್ಷ. ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಅವಳ ಸಂಸ್ಥಾನ. ನನ್ನ ತಂದೆಯವರು ತುಮಕೂರಿನಲ್ಲಿ ಮಾಧ್ಯಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಮನೆಯ ನಡುಮನೆಯಲ್ಲಿ ಕುಳಿತು ಕುಮಾರವ್ಯಾಸ ಭಾರತವನ್ನು ಗಮಕದಲ್ಲಿ ಓದುತ್ತಿದ್ದರು. ಅವರೇನೂ ಸಭೆಗಳಲ್ಲಿ ಶಾಲು ಹೊದಿಸಿಕೊಂಡವರಲ್ಲ. ಆಕಾಶವಾಣಿಯ ಮೆಟ್ಟಿಲು ಹತ್ತಿದವರೂ ಅಲ್ಲ. ಬೀದಿಯ ನಾಲ್ಕಾರು ಮನೆಯವರು ಬಂದು ಚಾಪೆಯ ಮೇಲೆ ಕುಳಿತು ಕೇಳುತ್ತಿದ್ದರು, ಅಷ್ಟೆ. ೧೯೮೩ರಲ್ಲಿ ನನ್ನ ಸೋದರಮಾವ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರನ್ನು ತಂದು, ಎರಡು ಮೂರು ತಿಂಗಳ ಶನಿವಾರಗಳಲ್ಲಿ ಹನ್ನೊಂದು ಕ್ಯಾಸೆಟ್ಟುಗಳನ್ನು ತುಂಬಿಸಿದರು. ತಂದೆಯವರು ೧೯೯೬ರಲ್ಲಿ ತೀರಿಕೊಂಡರು. ಕ್ಯಾಸೆಟ್ಟುಗಳು ರೇಷ್ಮೆ ಸೀರೆಗಳ ಜೊತೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಟ್ರಂಕಿನಲ್ಲಿ ಬಿದ್ದಿದ್ದವು. ನನ್ನ ದೊಡ್ಡ ತಂಗಿಯ ಮಗ ಬುದ್ಧಿವಂತ. ಅವುಗಳನ್ನೆಲ್ಲ ಒಂದೊಂದಾಗಿ ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಟ್ಟ.

ಫೋನಿನಲ್ಲಿಯೇ ಕೇಳಿಸಬಹುದಾಗಿತ್ತಲ್ಲ ಎಂದು ಓದುಗರು ಕೇಳಬಹುದು. ನಾವೂ ಕೇಳಿಸಿ ನೋಡಿದೆವು. ಅಂಗೈಯಗಲದ ಆ ಯಂತ್ರದಿಂದ ಹೊರಟ ದನಿಯನ್ನು ಕೇಳಿ ಅಮ್ಮ, “ಇದೇನೋ, ಅವರು ಡಬ್ಬಿಯೊಳಗೆ ಕೂತು ಓದಿದ ಹಾಗಿದೆ” ಎಂದಳು. ಅವಳಿಗೆ ಬೇಕಾಗಿದ್ದುದು ನಡುಮನೆ. ನಾಲ್ಕು ಜನ ಕುಳಿತಿರಬೇಕು, ಎದುರುಗಡೆಯಿಂದ ಧ್ವನಿ ಬರಬೇಕು. ಅದಲ್ಲದೆ ಅವಳಿಗೆ ಸಿನಿಮಾದ ಚಪಲವೂ ಉಂಟು. ೧೯೫೪ರ ‘ಬೇಡರ ಕಣ್ಣಪ್ಪ’ನನ್ನು ಇಂದಿಗೂ ಅವಳು ಮೊದಲ ಸಲ ನೋಡುವವಳಂತೆಯೇ ನೋಡುತ್ತಾಳೆ. ಟೆಲಿವಿಷನ್ ಇತ್ತು, ಎರಡು ಒಳ್ಳೆಯ ಸ್ಪೀಕರುಗಳಿದ್ದವು. ನಡುವೆ ಒಂದು ಕಂಪ್ಯೂಟರಿದ್ದರೆ ಎಲ್ಲವೂ ಒಂದೇ ಕಡೆ ಸಿಗುತ್ತದೆಂದು ನಾನು ಲೆಕ್ಕ ಹಾಕಿದೆ. ಸರ್ಕಾರಿ ಕಚೇರಿಯಲ್ಲಿ ಮೂವತ್ತೈದು ವರ್ಷ ಲೆಕ್ಕವನ್ನೇ ಬರೆದು ನಿವೃತ್ತನಾದವನಿಗೆ ಲೆಕ್ಕ ಹಾಕುವುದೊಂದು ಸಹಜವಾದ ದುರ್ಬುದ್ಧಿ.

ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿ ತಂದೆ. ಆ ರಸ್ತೆಯನ್ನು ನೋಡದವರಿಗೆ ಹೇಳುವುದು ಕಷ್ಟ. ಕಾಲಿಡಲು ಜಾಗವಿಲ್ಲದ ಓಣಿ, ಆಳೆತ್ತರದ ರಟ್ಟಿನ ಪೆಟ್ಟಿಗೆಗಳು, “ಏನ್ ಬೇಕು ಸಾರ್” ಎಂಬ ಆಹ್ವಾನ. ಸೊಪ್ಪು ಕೊಳ್ಳುವಾಗ ಹತ್ತು ಸಲ ತಿರುವಿ ನೋಡುವ ನಾನು ಅಲ್ಲಿ ತಲೆಯಾಡಿಸುತ್ತ ನಿಂತೆ. “ದೊಡ್ಡದನ್ನೇ ಹಾಕಿಸ್ಕೊಳ್ಳಿ ಸಾರ್, ಮುಂದಕ್ಕೆ ಬೇಕಾಗುತ್ತೆ” ಎಂದು ಅಂಗಡಿಯವನು ಹೇಳಿದುದಕ್ಕೆಲ್ಲ ಒಪ್ಪಿಕೊಂಡೆ. ಮುಂದಕ್ಕೆ ಬೇಕಾಗುತ್ತದೆಂದು ಕೊಂಡ ಯಾವ ವಸ್ತುವೂ ನಮ್ಮ ಮನೆಯಲ್ಲಿ ಇದುವರೆಗೆ ಬೇಕಾಗಿಲ್ಲವೆಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಮೊದಲನೆಯ ಶನಿವಾರ ಸಂಜೆ ದೀಪ ಹಚ್ಚಿ ಎಲ್ಲರೂ ಕುಳಿತೆವು. ತಂದೆಯವರ ಧ್ವನಿ ನಡುಮನೆಯನ್ನು ತುಂಬಿತು. ನನ್ನ ಮೈ ಜುಮ್ಮೆಂದಿತು. ಅಮ್ಮ ಐದು ನಿಮಿಷ ಸುಮ್ಮನೆ ಕುಳಿತಿದ್ದವಳು ಅತ್ತಿತ್ತ ನೋಡಿ ಕೇಳಿದಳು: “ಹಿಂದುಗಡೆ ಯಾರೋ ಮೊರದಲ್ಲಿ ಅಕ್ಕಿ ಕೇರ್ತಾ ಇದಾರಲ್ಲೋ, ಯಾರದು?”

ಅಕ್ಕಿ ಕೇರುತ್ತಿದ್ದುದು ನನ್ನ ಹೊಸ ಕಂಪ್ಯೂಟರು. ನಮ್ಮ ಕಿವಿಗೆ ಅದು ಅಷ್ಟೊಂದು ತೊಂದರೆಯೆನಿಸಿರಲಿಲ್ಲ. ಪೇಟೆಯಲ್ಲಿ ಬಾಳುವವರ ಕಿವಿ ಎಷ್ಟೋ ಸದ್ದುಗಳನ್ನು ಕೇಳಿಯೂ ಕೇಳದಂತಿರಲು ಕಲಿತಿರುತ್ತದೆ. ಮುದುಕರ ಕಿವಿಯ ಸಂಗತಿ ಬೇರೆ. ವಯಸ್ಸಾದಂತೆ ಮೊದಲು ಕುಗ್ಗುವುದು ತಾರಸ್ಥಾಯಿಯ ಸೂಕ್ಷ್ಮ ಸದ್ದುಗಳನ್ನು ಹಿಡಿಯುವ ಶಕ್ತಿ. ಅ, ಓ ಮೊದಲಾದ ಸ್ವರಗಳಿಗೆ ಕೆಳಗಿನ ಸ್ಥಾಯಿಯಲ್ಲಿಯೇ ಬಲವಿರುವುದರಿಂದ ಅವು ಕೇಳಿಸುತ್ತವೆ. ಸಕಾರ, ಶಕಾರ, ತಕಾರಗಳ ಗುರುತು ಇರುವುದು ಮೇಲಿನ ಸ್ಥಾಯಿಯಲ್ಲಿ. ಫ್ಯಾನಿನ ಸುಯ್ಯೆಂಬ ಸದ್ದು ಹೋಗಿ ಹರಡಿಕೊಳ್ಳುವುದೂ ಈ ಅಕ್ಷರಗಳ ಮೇಲೆಯೇ. ಅಮ್ಮ ಶ್ರವಣಯಂತ್ರವನ್ನು ಹಾಕಿಕೊಳ್ಳುತ್ತಾಳೆ, ನಿಜ. ಆದರೆ ಆ ಯಂತ್ರ ಗಂಡನ ಧ್ವನಿಯ ಜೊತೆಗೆ ಕಂಪ್ಯೂಟರಿನ ಧ್ವನಿಯನ್ನೂ ಹಿಗ್ಗಿಸಿಕೊಡುತ್ತದೆ. “ರಾಗ ಕೇಳುತ್ತೆ, ಮಾತು ಕೇಳಲ್ಲ” ಎಂದಳು. ಸ್ಪೀಕರಿನ ಧ್ವನಿಯನ್ನು ಏರಿಸಿದೆ. “ಕೂಗಿದ ಹಾಗಿದೆ. ಅವರು ಯಾವತ್ತೂ ಕೂಗಿದವರಲ್ಲ” ಎಂದಳು.

ಎರಡನೆಯ ಶನಿವಾರವೂ ಹೀಗೆಯೇ ಆಯಿತು. ಮೂರನೆಯ ಶನಿವಾರ ನಾನು ಕಂಪ್ಯೂಟರನ್ನು ಹಚ್ಚಲು ಹೋದಾಗ, “ಬೇಡ ಬಿಡು, ನನಗೆ ಕಣ್ಣು ಮುಚ್ಚಿಕೊಂಡರೆ ಹಾಗೇ ಕೇಳುತ್ತೆ” ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕುಳಿತಳು. ಆ ಮಾತು ನನಗೆ ನಾಟಿತು.

ಅಂಗಡಿಗೆ ಹೋಗಿ ದೂರಿದೆ. “ಕಂಪ್ಯೂಟರ್ ಅಂದ್ಮೇಲೆ ಸೌಂಡ್ ಬರಲೇಬೇಕಲ್ಲ ಸಾರ್” ಎಂದು ಅವನು ನನಗೆ ಸಮಾಧಾನ ಹೇಳಿ, ಒಂದು ಲೋಟ ಚಹಾ ತರಿಸಿಕೊಟ್ಟ. ಚಹಾ ಚೆನ್ನಾಗಿತ್ತು.

ಕಡೆಗೆ ತಂಗಿಯ ಮಗನನ್ನೇ ಕರೆಸಿದೆ. ಅವನು ಬಂದು ಪಕ್ಕದ ಗಾಜಿನ ಬಾಗಿಲನ್ನು ಬಿಚ್ಚಿ, ಒಳಗೆ ಇಣುಕಿ, “ಏನ್ ಮಾವ ಇದು, ಮದುವೆ ಛತ್ರಕ್ಕೆ ಆಗೋವಷ್ಟು ಫ್ಯಾನ್ ಇದೆಯಲ್ಲ!” ಎಂದು ನಕ್ಕ. ಎಣಿಸಿದೆವು. ಪ್ರಾಸೆಸರಿನ ಮೇಲೊಂದು, ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಡಬ್ಬಿಯಲ್ಲೊಂದು, ಮುಂಭಾಗದಲ್ಲಿ ಬಣ್ಣದ ದೀಪದವು ಮೂರು, ಗ್ರಾಫಿಕ್ಸ್ ಕಾರ್ಡಿನ ಮೇಲೆ ಎರಡು, ಒಟ್ಟು ಏಳು. ಗ್ರಾಫಿಕ್ಸ್ ಕಾರ್ಡು ನಮಗೆ ಬೇಕಾಗಿಯೇ ಇರಲಿಲ್ಲ. ಚಿತ್ರ ತೋರಿಸುವ ಶಕ್ತಿ ಪ್ರಾಸೆಸರಿನೊಳಗೇ ಇತ್ತು. ಕಾರ್ಡನ್ನು ಕಿತ್ತು ಪಕ್ಕಕ್ಕಿಟ್ಟು, “ಎರಡು ಕಡಿಮೆಯಾಯಿತು, ಇನ್ನು ಸದ್ದೂ ಅಷ್ಟರಮಟ್ಟಿಗೆ ಇಳಿಯಬೇಕು” ಎಂದೆ. ಇಳಿಯಲಿಲ್ಲ.

ಇಲ್ಲಿ ನನ್ನ ಮೂವತ್ತೈದು ವರ್ಷದ ಲೆಕ್ಕಪತ್ರದ ವಿದ್ಯೆಗೆ ಮೊದಲ ಅವಮಾನವಾಯಿತು. ಸದ್ದನ್ನು ಅಳೆಯುವ ಡೆಸಿಬೆಲ್ ಎಂಬ ಮಾನ ನಮ್ಮ ಸಂಕಲನ ವ್ಯವಕಲನಕ್ಕೆ ಒಗ್ಗುವುದಿಲ್ಲ. ೪೦ ಡೆಸಿಬೆಲ್ಲಿನ ಒಂದು ಫ್ಯಾನಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನಿಟ್ಟರೆ ಆಗುವುದು ೮೦ ಅಲ್ಲ, ೪೩. ಹಾಗೆಯೇ ಒಂದೇ ಸಮನಾದ ಏಳು ಸದ್ದುಗಳಲ್ಲಿ ಎರಡನ್ನು ತೆಗೆದರೆ ಇಳಿಯುವುದು ಒಂದೂವರೆ ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಅರ್ಧವಾಯಿತು ಎನ್ನಿಸಬೇಕಾದರೆ ಸುಮಾರು ೧೦ ಡೆಸಿಬೆಲ್ ಇಳಿಯಬೇಕು. ಇಂಥ ಲೆಕ್ಕವನ್ನು ನಮ್ಮ ಕಚೇರಿಯಲ್ಲಿ ಯಾರಾದರೂ ಬರೆದಿದ್ದರೆ ಆಡಿಟ್ಟಿನವರು ಬಿಡುತ್ತಿರಲಿಲ್ಲ.

ಆದರೆ ಅದೇ ಲೆಕ್ಕದ ಇನ್ನೊಂದು ಮಗ್ಗುಲು ನಮಗೆ ಅನುಕೂಲವಾಗಿತ್ತು. ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಅದರ ಸದ್ದು ಹೆಚ್ಚುಕಡಮೆ ೧೫ ಡೆಸಿಬೆಲ್ ಇಳಿಯುತ್ತದೆ. ಗಾಳಿಯೂ ಅರ್ಧವಾಗುತ್ತದೆಂಬುದು ನಿಜ. ಅದಕ್ಕೆ ದೊಡ್ಡ ರೆಕ್ಕೆಯ ಫ್ಯಾನನ್ನು ಹಾಕಿದರಾಯಿತು. ಬೇಸಗೆಯಲ್ಲಿ ಅಂಗೈಯಗಲದ ರಟ್ಟನ್ನು ಪಟಪಟನೆ ಬೀಸಿಕೊಳ್ಳುವವನಿಗೂ ಲಾವಂಚದ ದೊಡ್ಡ ಬೀಸಣಿಗೆಯನ್ನು ಮೆಲ್ಲಗೆ ಆಡಿಸುವವನಿಗೂ ಇರುವ ಅಂತರವೇ ಇದು. ೮೦ ಮಿಲಿಮೀಟರಿನ ಫ್ಯಾನು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗಿ ಕಿರಿಚುತ್ತ ಮಾಡುವ ಕೆಲಸವನ್ನು ೧೨೦ ಅಥವಾ ೧೪೦ ಮಿಲಿಮೀಟರಿನದು ಆರುನೂರು ಏಳುನೂರು ಸುತ್ತಿನಲ್ಲಿ ಉಸಿರೆತ್ತದೆ ಮಾಡುತ್ತದೆ. ಕೊಳ್ಳುವಾಗ ನಾಲ್ಕು ತಂತಿಯ ಫ್ಯಾನನ್ನು ಕೇಳಿ ಕೊಳ್ಳಬೇಕೆಂದೂ, ಅದರ ವೇಗವನ್ನು ಶಾಖಕ್ಕೆ ತಕ್ಕಂತೆ ಏರಿಳಿಸುವಂತೆ ಮದರ್‌ಬೋರ್ಡಿಗೆ ಹೇಳಿಡಬಹುದೆಂದೂ ಹುಡುಗ ತಿಳಿಸಿದ. ಒಳ್ಳೆಯ ಫ್ಯಾನು ಎರಡನ್ನು ತರಿಸಿದೆವು. ಬಿಲ್ಲನ್ನು ನನ್ನ ಶ್ರೀಮತಿ ನೋಡಿದಳು.

“ಅಂಗೈಯಗಲ ಇದೆ. ಇಷ್ಟು ದುಡ್ಡಿಗೆ ಮೇಲಕ್ಕೆ ತೂಗುಹಾಕೋ ಫ್ಯಾನೇ ಬರ್ತಿತ್ತಲ್ಲರೀ?”

ಬರುತ್ತಿತ್ತು. ನಾನು ಉತ್ತರ ಕೊಡಲಿಲ್ಲ.

ಕ್ಯಾಬಿನೆಟ್ಟಿನ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗಡಿಯವನು ನನಗೆ ಕೊಟ್ಟಿದ್ದುದು ಮುಂಭಾಗಕ್ಕೆಲ್ಲ ಗಾಜು ಹೊದಿಸಿದ, ಕಣ್ಣಿಗೆ ಬಹು ಸೊಗಸಾದ ಪೆಟ್ಟಿಗೆ. ಫ್ಯಾನುಗಳು ಗಾಳಿಗಾಗಿ ಗಾಜನ್ನೇ ನೆಕ್ಕುತ್ತಿದ್ದವು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಬೀಸಣಿಗೆ ಬೀಸಿಕೊಂಡರೆ ಸೆಕೆ ಹೋಗುವುದೇ? ಗಾಳಿ ಬರುವ ದಾರಿ ಅಗಲವಾಗಿರಬೇಕು, ಹೋಗುವ ದಾರಿ ಸರಾಗವಾಗಿರಬೇಕು, ದೂಳು ಬಾರದಂತೆ ತೊಳೆದು ಹಾಕಬಹುದಾದ ಜಾಳಿಗೆಯಿರಬೇಕು. ಇಷ್ಟಿದ್ದರೆ ಪೆಟ್ಟಿಗೆ ಕುರೂಪಿಯಾದರೂ ಚಿಂತೆಯಿಲ್ಲ. ಅದನ್ನು ಟೆಲಿವಿಷನ್ನಿನ ಕೆಳಗಿನ ಬೀರುವಿನೊಳಗೆ ತುರುಕಿ ಬಾಗಿಲು ಹಾಕಿದ್ದು ಮಾತ್ರ ನನ್ನ ಸ್ವಂತ ಬುದ್ಧಿವಂತಿಕೆ, ಅಂಗಡಿಯವನನ್ನು ಬೈಯುವಂತಿಲ್ಲ.

ಫ್ಯಾನುಗಳು ತಗ್ಗಿದ ಮೇಲೆ ಎಸ್‌ಎಂಪಿಎಸ್ ತನ್ನ ಇರವನ್ನು ಸಾರಿತು. ಗೋಡೆಯಿಂದ ಬರುವ ವಿದ್ಯುತ್ತನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿ ಹಂಚುವಾಗ ಒಂದಿಷ್ಟು ಸೋರಿ ಶಾಖವಾಗುತ್ತದೆ. ಅಗ್ಗದ ಡಬ್ಬಿಯಲ್ಲಿ ಸೋರಿಕೆ ಹೆಚ್ಚು. ‘೮೦ ಪ್ಲಸ್’ ಎಂಬ ಮುದ್ರೆ ೨೦೦೪ರಿಂದ ಬಳಕೆಯಲ್ಲಿದೆ. ಹೊರೆ ಶೇಕಡಾ ೨೦, ೫೦, ೧೦೦ ಯಾವುದಿದ್ದರೂ ನೂರು ಪಾಲಿನಲ್ಲಿ ಎಂಬತ್ತಾದರೂ ಕೆಲಸಕ್ಕೆ ಸಲ್ಲುತ್ತದೆ ಎಂಬುದು ಅದರ ಮೂಲ ಅರ್ಥ. ಮೇಲೆ ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆಗಳಿವೆ. ಹೊರೆ ಹಗುರವಾಗಿರುವಾಗ ಫ್ಯಾನನ್ನು ತಿರುಗಿಸದೆಯೇ ಇರುವ ಡಬ್ಬಿಗಳೂ ಸಿಗುತ್ತವೆ. ಅಂಥದೊಂದನ್ನು ಹಾಕಿದೆವು. ಚಿನ್ನದ ದರ್ಜೆಯದು ಎಂದು ನನ್ನ ಶ್ರೀಮತಿಗೆ ಹೇಳಿ ತಪ್ಪು ಮಾಡಿದೆ.

ಈಗ ಮಿಕ್ಕ ಸದ್ದು ವಿಚಿತ್ರವಾಗಿತ್ತು. ಸುಯ್ಯೆನ್ನುತ್ತಿರಲಿಲ್ಲ, ತಗ್ಗಿನ ದನಿಯಲ್ಲಿ ಝೇಂಕರಿಸುತ್ತಿತ್ತು. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಬೆರಳಿಗೂ ತಿಳಿಯುತ್ತಿತ್ತು. ಅದು ಹಾರ್ಡ್ ಡಿಸ್ಕು. ಒಳಗಿನ ತಟ್ಟೆಗಳು ನಿಮಿಷಕ್ಕೆ ೭,೨೦೦ ಸುತ್ತು, ಎಂದರೆ ಸೆಕೆಂಡಿಗೆ ೧೨೦ ಸುತ್ತು ತಿರುಗುತ್ತವೆ. ಡಿಸ್ಕು ತಾನಾಗಿ ಮಾಡುವ ಸದ್ದು ಸಣ್ಣದು. ಆದರೆ ಅದನ್ನು ತಗಡಿನ ಪೆಟ್ಟಿಗೆಗೆ ತಿರುಪು ಹಾಕಿ ಬಿಗಿದಿದ್ದರು. ತಂಬೂರಿಯ ತಂತಿಯನ್ನು ಬರಿಯ ಎರಡು ಮೊಳೆಗಳ ನಡುವೆ ಕಟ್ಟಿ ಮೀಟಿದರೆ ಯಾರಿಗೂ ಕೇಳಿಸದು. ಅದಕ್ಕೊಂದು ಬುರುಡೆಯನ್ನು ಸೇರಿಸಿದರೆ ಸಭೆ ತುಂಬುತ್ತದೆ. ನಮ್ಮ ಕ್ಯಾಬಿನೆಟ್ಟು ಬುರುಡೆ. ಅದನ್ನು ಹೊತ್ತಿದ್ದ ಮರದ ಬೀರು ಇನ್ನೂ ದೊಡ್ಡ ಬುರುಡೆ.

೧೯೫೬ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ಮೊಟ್ಟಮೊದಲ ಹಾರ್ಡ್ ಡಿಸ್ಕಿನಲ್ಲಿ ೨೪ ಅಂಗುಲದಗಲದ ಐವತ್ತು ತಟ್ಟೆಗಳಿದ್ದುವಂತೆ. ಸುಮಾರು ಒಂದು ಟನ್ ತೂಕದ ಆ ಯಂತ್ರದಲ್ಲಿ ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ಅಂಥದನ್ನು ಯಾರೂ ನಡುಮನೆಯಲ್ಲಿಟ್ಟುಕೊಂಡು ಗಮಕ ಕೇಳುವ ಸಾಹಸ ಮಾಡಿರಲಾರರು. ನಮ್ಮದು ಅಂಗೈ ಮೇಲೆ ನಿಲ್ಲುವಂಥದು. ತಿರುಪುಗಳನ್ನು ತೆಗೆದು, ನನ್ನ ಶ್ರೀಮತಿಯ ಹೊಲಿಗೆ ಪೆಟ್ಟಿಗೆಯಿಂದ ಎಲಾಸ್ಟಿಕ್ ಪಟ್ಟಿಯನ್ನು ತಂದು, ಡಿಸ್ಕು ಲೋಹಕ್ಕೆಲ್ಲೂ ತಾಗದಂತೆ ಹುಡುಗ ಅದನ್ನು ಪೆಟ್ಟಿಗೆಯೊಳಗೆ ತೂಗುಹಾಕಿದ. ಝೇಂಕಾರ ನಿಂತಿತು. ಅಮ್ಮ ಕುರ್ಚಿಯಿಂದೆದ್ದು ಬಂದು ಬಗ್ಗಿ ನೋಡಿ, “ತೊಟ್ಟಿಲಿಗೆ ಹಾಕಿದಿರಾ? ನಾಮಕರಣ ಯಾವತ್ತು?” ಎಂದು ಕೇಳಿದಳು. ಎಷ್ಟೋ ವಾರಗಳ ಮೇಲೆ ಅವಳು ಆ ಪೆಟ್ಟಿಗೆಯ ವಿಷಯಕ್ಕೆ ಬಾಯಿ ಬಿಟ್ಟದ್ದು ಅದೇ ಮೊದಲು.

ಇಷ್ಟಾದ ಮೇಲೆ ಗೆದ್ದೆವೆಂದುಕೊಂಡೆವು. ಆದರೆ ಈ ಸದ್ದುಗಳದು ಒಂದು ಅವಿಭಕ್ತ ಕುಟುಂಬ. ಹಿರಿಯರು ಮಾತನಾಡುತ್ತಿರುವವರೆಗೆ ಕಿರಿಯರು ಬಾಯಿ ಮುಚ್ಚಿಕೊಂಡಿರುತ್ತಾರೆ. ಹಿರಿಯರು ಎದ್ದು ಹೋದರೆಂದರೆ ಒಬ್ಬೊಬ್ಬರದೇ ಹೊರಬರುತ್ತದೆ. ರಾತ್ರಿ ಊಟವಾದ ಮೇಲೆ ಸೊಳ್ಳೆಯಂತೆ ಸಣ್ಣಗೆ ‘ಕುಯ್ಯ್’ ಎನ್ನುವ ಒಂದು ದನಿ ಕೇಳತೊಡಗಿತು. ಸೊಳ್ಳೆಯೇ ಇರಬೇಕೆಂದು ನಾನು ಎರಡು ಸಲ ಚಪ್ಪಾಳೆ ತಟ್ಟಿದೆ. ಮದರ್‌ಬೋರ್ಡಿನಲ್ಲಿ ತಂತಿ ಸುತ್ತಿದ ಸಣ್ಣ ಸಣ್ಣ ಸುರುಳಿಗಳಿರುತ್ತವೆ. ಅವುಗಳಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ಏರಿಳಿಯುವಾಗ ಸುರುಳಿ ಅದುರಿ ಹೀಗೆ ಹಾಡುತ್ತದೆಯೆಂದು ಹುಡುಗ ಹೇಳಿದ. ಇದಕ್ಕೆ ಎಲಾಸ್ಟಿಕ್ ಕಟ್ಟುವ ಹಾಗಿಲ್ಲ. ಜೊತೆಗೆ, ಹೊಸ ಸಿನಿಮಾ ಯಾವುದನ್ನಾದರೂ ಹಾಕಿದರೆ ಹತ್ತು ನಿಮಿಷದಲ್ಲಿ ಪ್ರಾಸೆಸರಿನ ಮೇಲಿನ ಫ್ಯಾನು ವೇಗ ಏರಿಸಿಕೊಂಡು ಮತ್ತೆ ಅಕ್ಕಿ ಕೇರಲು ತೊಡಗುತ್ತಿತ್ತು.

ಹುಡುಗ ತಿರುಪುಳಿಯನ್ನು ಕೆಳಗಿಟ್ಟು, “ಮಾವ, ನಾವು ಬಾಲ ಹಿಡ್ಕೊಂಡು ಎಳೀತಿದೀವಿ. ಸದ್ದಿನ ಮೂಲ ಫ್ಯಾನ್ ಅಲ್ಲ, ಬಿಸಿ. ಬಿಸಿಯೇ ಇಲ್ಲದಿದ್ರೆ ಫ್ಯಾನ್ ಯಾಕೆ ಬೇಕು?” ಎಂದ.

ನೂರು ಪುಟದ ಕಡತದ ಕೊನೆಗೆ ಬರೆಯುವ ಒಂದು ಸಾಲಿನ ಟಿಪ್ಪಣಿಯಂತಿತ್ತು ಆ ಮಾತು. ಅದನ್ನು ಮೊದಲ ದಿನವೇ ಏಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಆಗಲೇ ಕೊಂಡ್ಕೊಂಡಿದ್ರಲ್ಲ” ಎಂದ. ನನ್ನ ಮನಸ್ಸು ನೋಯಬಾರದೆಂದು ಇಷ್ಟು ದಿನ ಎಲಾಸ್ಟಿಕ್ ಕಟ್ಟಿದ್ದನಂತೆ.

ಹೀಗೆ ಎರಡನೆಯ ಸಂಬಂಧ ನೋಡುವ ಕೆಲಸ ಕಳೆದ ಬೇಸಗೆಯಲ್ಲಿ ಆರಂಭವಾಯಿತು. ಈ ಸಲ ಜಾತಕವನ್ನು ಬಾಲದಿಂದಲ್ಲ, ತಲೆಯಿಂದ ಓದಿದೆವು. ನಮ್ಮ ಕಂಪ್ಯೂಟರು ಮಾಡಬೇಕಾದ ಕೆಲಸವೇನು? ತಂದೆಯವರ ಧ್ವನಿಯನ್ನು ಕೇಳಿಸಬೇಕು, ಸಿನಿಮಾ ತೋರಿಸಬೇಕು. ಮೊದಲನೆಯದು ಯಾವ ಕಂಪ್ಯೂಟರಿಗಾದರೂ ಎಡಗೈಯ ಕೆಲಸ. ಎರಡನೆಯದರಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಸಿನಿಮಾಗಳನ್ನು ಹಿಂಡಿ ಹಿಡಿಮಾಡಿ ಇಟ್ಟಿರುತ್ತಾರೆ. ಹಿಂಡುವ ಪದ್ಧತಿಗಳು ಕೆಲವುಂಟು, ೨೦೦೩ರಿಂದ ಬಂದ ಎಚ್.೨೬೪, ೨೦೧೩ರ ಎಚ್‌ಇವಿಸಿ, ೨೦೧೮ರ ಎವಿ೧ ಎಂದು. ಹಿಂಡಿದ್ದನ್ನು ಬಿಡಿಸಿ ತೋರಿಸಲು ಎರಡು ದಾರಿಗಳಿವೆ. ಪ್ರಾಸೆಸರು ತನ್ನ ತಲೆಯನ್ನೇ ಓಡಿಸಿ, ಬೆವರು ಸುರಿಸಿ ಬಿಡಿಸಬಹುದು. ಇಲ್ಲವೇ, ಆ ಕೆಲಸಕ್ಕೆಂದೇ ಕೊರೆದ ಮಂಡಲವೊಂದು ಅದರೊಳಗಿದ್ದರೆ ಅದು ಸಲೀಸಾಗಿ ಬಿಡಿಸುತ್ತದೆ. ಕೈಚಕ್ಕುಲಿ ಸುತ್ತಬಲ್ಲವಳು ನಮ್ಮಮ್ಮ. ಒಂದೊಂದು ಚಕ್ಕುಲಿಗೂ ಅವಳ ಸೊಂಟ ಬಿದ್ದುಹೋಗುತ್ತಿತ್ತು. ಚಕ್ಕುಲಿ ಒರಳಿನಲ್ಲಿ ಹಿಟ್ಟು ತುಂಬಿ ಒತ್ತಿದರೆ ಮಗುವೂ ಮಾಡೀತು. ಒರಳಿಗೆ ಚಕ್ಕುಲಿಯನ್ನು ಬಿಟ್ಟು ಬೇರೇನೂ ಬಾರದು, ನಿಜ. ಆದರೆ ನಮಗೆ ಬೇಕಾದದ್ದೂ ಚಕ್ಕುಲಿಯೇ. ನನ್ನ ಹಳೆಯ ಪ್ರಾಸೆಸರಿಗೆ ಎವಿ೧ ಎಂಬ ಹೊಸ ಚಕ್ಕುಲಿಯ ಒರಳು ಇರಲಿಲ್ಲ. ಆದುದರಿಂದಲೇ ಹೊಸ ಚಿತ್ರಗಳಿಗೆ ಅದು ಅಷ್ಟು ಬೆವರುತ್ತಿತ್ತು.

೨೦೨೩ರಲ್ಲಿ ಇಂಟೆಲ್ ಹೊರತಂದ ಎನ್‌೧೦೦ ಎಂಬ ಸಣ್ಣ ಪ್ರಾಸೆಸರಿನಲ್ಲಿ ಈ ಮೂರೂ ಒರಳುಗಳಿವೆ. ತಯಾರಕರ ಲೆಕ್ಕದಂತೆ ಅದರ ಶಾಖ ೬ ವ್ಯಾಟ್. ಕೆಲಸ ಬಿದ್ದಾಗ ಸ್ವಲ್ಪ ಹೊತ್ತು ಇದನ್ನು ಮೀರಿದರೂ, ನನ್ನ ಹಳೆಯದರ ೬೫ ವ್ಯಾಟಿನ ಮುಂದೆ ಅದು ಅಗರಬತ್ತಿಯ ಬಿಸಿ. ಇದರ ಮೇಲೆ ಫ್ಯಾನಿನ ಬದಲು ಅಲ್ಯೂಮಿನಿಯಂ ಏಣುಗಳ ದಿಂಡನ್ನಷ್ಟೇ ಕೂರಿಸಿ, ಪ್ರಾಸೆಸರನ್ನೂ ಬೋರ್ಡನ್ನೂ ಒಂದಾಗಿಯೇ ಮಾರುತ್ತಾರೆ. ಬೋರ್ಡಿನ ಅಳತೆ ಹದಿನೇಳು ಸೆಂಟಿಮೀಟರ್ ಚೌಕ, ನಮ್ಮ ಬಾಳೆಲೆಯ ತುದಿಯಷ್ಟು. ಹೊರಗಿನ ಅಡಾಪ್ಟರಿನಿಂದಲೇ ವಿದ್ಯುತ್ತು ಬರುವ ಜಾತಿಯದನ್ನು ಆರಿಸಿದೆವು. ಎಸ್‌ಎಂಪಿಎಸ್ ಎಂಬ ಡಬ್ಬಿಯೇ ಬೇಡವಾಯಿತು. ಚಿನ್ನದ ದರ್ಜೆಯದು ವ್ಯರ್ಥವಾಯಿತೆಂದು ಕೊರಗಿದೆ. ಅದಕ್ಕೂ ಮುಂದೆ ಕೆಲಸ ಸಿಕ್ಕಿತು.

ಮಿಕ್ಕವು ಸಣ್ಣ ಪುಟ್ಟವು. ೮ ಗಿಗಾಬೈಟಿನ ರ್‍ಯಾಮ್, ಅಲುಗಾಡುವ ಭಾಗವೊಂದೂ ಇಲ್ಲದ ಎಸ್‌ಎಸ್‌ಡಿ ಒಂದು, ಬಳಸಲು ಕೋಡಿ ಎಂಬ ಉಚಿತ ತಂತ್ರಾಂಶ.

ಒಂದು ವಿಷಯದಲ್ಲಿ ಮಾತ್ರ ನನಗೂ ಹುಡುಗನಿಗೂ ವಾದ ನಡೆಯಿತು. ಒಂದು ಫ್ಯಾನೂ ಇರಕೂಡದು, ನಿಶ್ಶಬ್ದವೆಂದರೆ ನಿಶ್ಶಬ್ದ ಎಂಬುದು ಅವನ ವ್ರತ. ನಾನು ಒಪ್ಪಲಿಲ್ಲ. ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನ ಶಾಖ ೩೯.೨ ಡಿಗ್ರಿಗೆ ಏರಿದ್ದುದನ್ನು ನಾನು ಮರೆತಿಲ್ಲ. ಅಂಥ ಮಧ್ಯಾಹ್ನದಲ್ಲಿ ಬರಿಯ ಏಣುಗಳು ಯಾರಿಗೆ ತಮ್ಮ ಬಿಸಿಯನ್ನು ದಾಟಿಸಿಯಾವು? ಬಿಸಿ ಮಿತಿ ಮೀರಿದರೆ ಪ್ರಾಸೆಸರು ಸುಟ್ಟುಹೋಗುವುದಿಲ್ಲ, ತಾನಾಗಿ ಓಟವನ್ನು ತಗ್ಗಿಸಿಕೊಳ್ಳುತ್ತದೆ ಎಂದು ಅವನು ವಾದಿಸಿದ. ಕಣ್ಣಪ್ಪ ಕಣ್ಣು ಕೀಳುವ ಹೊತ್ತಿಗೆ ಅದು ಓಟ ತಗ್ಗಿಸಿದರೆ ಅಮ್ಮನಿಗೆ ನೀನೇ ಸಮಾಧಾನ ಹೇಳು ಎಂದೆ. ಕಡೆಗೆ ರಾಜಿಯಾಯಿತು. ಹಳೆಯ ಪೆಟ್ಟಿಗೆಗೆಂದು ತಂದಿದ್ದ ಎರಡು ಫ್ಯಾನುಗಳಲ್ಲಿ ಒಂದನ್ನು ಬಿಚ್ಚಿ ತಂದು, ರಬ್ಬರಿನ ಗುಂಡಿಗಳ ಮೇಲೆ ಕೂರಿಸಿ, ನಿಮಿಷಕ್ಕೆ ಐನೂರು ಸುತ್ತು ಮೀರದಂತೆ ಕಟ್ಟಿಹಾಕಿದೆವು. ಇರುವುದೇ ಇಲ್ಲದಿರುವುದಕ್ಕಿಂತ ಒಂದು ಮೂಲೆಯಲ್ಲಿ ಮೆಲ್ಲಗೆ ಉಸಿರಾಡಿಕೊಂಡಿರುವುದು ಮೇಲೆಂದು ನನ್ನ ಅಭಿಪ್ರಾಯ. ಮನೆಯಲ್ಲಿ ನಿವೃತ್ತರ ಸ್ಥಿತಿಯೂ ಅದೇ.

ಹಳೆಯ ಕಂಪ್ಯೂಟರನ್ನು ಬಿಸಾಡಲಿಲ್ಲ. ಸಿನಿಮಾಗಳೆಲ್ಲ ಇದ್ದುದು ಅದರ ತೊಟ್ಟಿಲ ಡಿಸ್ಕಿನಲ್ಲಿಯೇ. ಅದನ್ನು ಹೊತ್ತುಕೊಂಡು ಹೋಗಿ ಉಗ್ರಾಣದಲ್ಲಿಟ್ಟು, ವೆಂಟಿಲೇಟರಿನ ಸಂದಿಯಿಂದ ಒಂದು ನೆಟ್‌ವರ್ಕ್ ತಂತಿಯನ್ನು ನಡುಮನೆಗೆ ಎಳೆದೆವು. ಅಲ್ಲಿ ಅದು ಎಷ್ಟು ಬೇಕಾದರೂ ಝೇಂಕರಿಸಲಿ. ನಡುವೆ ಎರಡು ಬಾಗಿಲುಗಳಿವೆ. ಉಪ್ಪಿನಕಾಯಿಯ ಜಾಡಿಗಳ ಪಕ್ಕದಲ್ಲಿ ಇದೇನೆಂದು ನನ್ನ ಶ್ರೀಮತಿ ಮೊದಲು ಮುಖ ಗಂಟಿಕ್ಕಿದಳು. ಮಳೆಗಾಲದಲ್ಲಿ ಅದರ ಹಿಂಬದಿಯ ಬಿಸಿಗಾಳಿಗೆ ಹಪ್ಪಳ ಚೆನ್ನಾಗಿ ಒಣಗುತ್ತದೆಂದು ಕಂಡುಕೊಂಡ ಮೇಲೆ ಸುಮ್ಮನಾದಳು.

ಹೊಸ ಪೆಟ್ಟಿಗೆಯನ್ನು ಬೀರುವಿನೊಳಗಿಡದೆ ಹೊರಗೆ, ದಪ್ಪ ರಬ್ಬರಿನ ಕಾಲುಗಳ ಮೇಲೆ ಇಟ್ಟೆವು. ಅದೊಂದು ಶನಿವಾರ. ತಂಗಿಯೂ ಬಂದಿದ್ದಳು. ದೀಪ ಹಚ್ಚಿದ ಮೇಲೆ ಹುಡುಗ ಗುಂಡಿ ಒತ್ತಿದ. “ಹಾಕಿದೀಯೇನೋ?” ಎಂದೆ. “ಹಾಕಿ ಐದು ನಿಮಿಷ ಆಯ್ತು ಮಾವ” ಎಂದ. ನಂಬದೆ ಕಿವಿಯನ್ನು ಪೆಟ್ಟಿಗೆಗೆ ಆನಿಸಿ ನೋಡಿದೆ. ದೂರದಲ್ಲಿ ಯಾರೋ ನಿದ್ದೆ ಹೋದಂತೆ ಒಂದು ಉಸಿರು; ಒಂದು ಮಾರು ಹಿಂದೆ ಸರಿದರೆ ಅದೂ ಇಲ್ಲ. ಅಮ್ಮನನ್ನು ಬಲವಂತಪಡಿಸಿ ಕಿಟಕಿಯ ಕಡೆಯಿಂದ ಇತ್ತ ತಿರುಗಿಸಿ ಕೂರಿಸಿದೆವು.

ತಂದೆಯವರು ಓದತೊಡಗಿದರು. ಅವರ ಧ್ವನಿಯ ಹಿಂದೆ ತೆಳ್ಳನೆಯ ಒಂದು ಸೊರಸೊರ ಇದ್ದೇ ಇತ್ತು. ಸೆಕೆಂಡಿಗೆ ಐದು ಸೆಂಟಿಮೀಟರೂ ಓಡದ ಆ ಸಣ್ಣ ಟೇಪಿನ ಹುಟ್ಟುಗುಣ ಅದು, ಕಂಪ್ಯೂಟರಿನ ತಪ್ಪಲ್ಲ. ನಾನು ಅಮ್ಮನ ಮುಖವನ್ನು ನೋಡುತ್ತಿದ್ದೆ. ಅವಳ ತುಟಿ ಅಲುಗುತ್ತಿತ್ತು. ಮಾತು ಮಾತಾಗಿಯೇ ಅವಳಿಗೆ ಕೇಳುತ್ತಿತ್ತು.

ಅಷ್ಟರಲ್ಲಿ ನನ್ನ ಎದೆ ಧಸಕ್ಕೆಂದಿತು. ತಂದೆಯವರು ಪದ್ಯದ ನ���ುವೆ ಉಸಿರಿಗೆ ನಿಂತಾಗಲೆಲ್ಲ ‘ಟಕ್... ಟಕ್... ಟಕ್’ ಎಂಬ ಸದ್ದು. ಒಂದೇ ಸಮನೆ, ಗಡಿಯಾರಕ್ಕಿಂತ ಸ್ವಲ್ಪ ಚುರುಕಾಗಿ. ಇಷ್ಟು ದಿನ ಅಕ್ಕಿ ಕೇರುವ ಗದ್ದಲದಲ್ಲಿ ಇದು ಕೇಳಿಸಿಯೇ ಇರಲಿಲ್ಲ. ಫ್ಯಾನಿನ ರೆಕ್ಕೆಗೆ ಯಾವುದೋ ತಂತಿ ತಗಲುತ್ತಿರಬೇಕೆಂದು ಎದ್ದು, ಕಂಪ್ಯೂಟರನ್ನು ಆರಿಸಿ, ಮುಚ್ಚಳ ಬಿಚ್ಚಿದೆವು. ತಂತಿಗಳೆಲ್ಲ ನೆಟ್ಟಗೆ ಕಟ್ಟಿದಂತೆಯೇ ಇದ್ದವು. ಮತ್ತೆ ಹಾಕಿದೆವು, ಮತ್ತೆ ಟಕ್ ಟಕ್. ಆ ಒಂದು ಫ್ಯಾನನ್ನೂ ಬಿಚ್ಚಿ ತೆಗೆದು, ನನ್ನ ವಾದವನ್ನು ನಾನೇ ಸೋತು, ಮೂರನೆಯ ಸಲ ಹಾಕಿದೆವು. ಟಕ್ ಟಕ್. ಉಗ್ರಾಣಕ್ಕೆ ಹೋಗಿ ಹಳೆಯದನ್ನೂ ಆರಿಸಿ ಬಂದೆ. ಟಕ್ ಟಕ್.

“ಇದು ರೆಕಾರ್ಡಿಂಗ್‌ನಲ್ಲೇ ಇದೆ ಮಾವ” ಎಂದ ಹುಡುಗ. “ಪರವಾಗಿಲ್ಲ, ಇಂಥದ್ದನ್ನ ಅಳಿಸೋ ತಂತ್ರಾಂಶ ಇದೆ. ಹತ್ತು ನಿಮಿಷ ಕೊಡಿ.” ಅವನು ತನ್ನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡ.

“ಏನದು ಅಳಿಸೋದು?” ಎಂದಳು ಅಮ್ಮ.

“ಆ ಟಕ್ ಟಕ್ ಅಜ್ಜಿ. ನಿಮಗೆ ತೊಂದರೆ ಆಗ್ತಿಲ್ವಾ?”

“ಅದು ನಮ್ಮ ತುಮಕೂರಿನ ಮನೆ ಫ್ಯಾನು ಕಣೋ.”

ನಾವು ಯಾರೂ ಮಾತನಾಡಲಿಲ್ಲ. ತಲೆಯ ಮೇಲೆ ತೂಗುತ್ತಿದ್ದ ಆ ಕಂದುಬಣ್ಣದ ಫ್ಯಾನು ನನಗೂ ಕಣ್ಣಿಗೆ ಕಟ್ಟಿತು. ಒಂದು ರೆಕ್ಕೆ ಸ್ವಲ್ಪ ಸೊಟ್ಟಗಾಗಿತ್ತು, ಅದರ ಕೆಳಗೆ ಚಾಪೆ, ಚಾಪೆಯ ಮೇಲೆ ವ್ಯಾಸಪೀಠ. ಹುಡುಗ ಲ್ಯಾಪ್‌ಟಾಪನ್ನು ಮುಚ್ಚಿ ಕೆಳಗಿಟ್ಟ. ತಂದೆಯವರು ಇನ್ನೊಂದು ಪದ್ಯವನ್ನು ಮುಗಿಸಿ ಉಸಿರಿಗೆ ನಿಂತರು. ಟಕ್, ಟಕ್, ಟಕ್.

“ಎಣ್ಣೆ ಹಾಕಿಸಿ, ಎಣ್ಣೆ ಹಾಕಿಸಿ ಅಂತ ಎಷ್ಟು ಸಲ ಬಡಕೊಂಡೆ” ಎಂದಳು ಅಮ್ಮ, ಸ್ಪೀಕರಿನ ಕಡೆ ನೋಡುತ್ತ. “ಕೇಳಿದರೆ ತಾನೆ.”